ಟ್ಯಾಂಕು ತುಂಬಿಸಿದ ಮೇಲೆ ಸ್ಟಾರ್ಟ್ ಆಗದ ಕಾರು: ಕುಮಟಾದ ಗ್ಯಾರೇಜೊಂದರ ತಪಾಸಣೆ

ಕುಮಟಾದಿಂದ ಶಿರಸಿಯ ಕಡೆಗೆ ಹೊರಳುವ ರಸ್ತೆಯಲ್ಲಿರುವ ಈ ಸಣ್ಣ ಗ್ಯಾರೇಜನ್ನು ಪೆಟ್ರೋಲ್ ಕಾರು ಇರುವವರಿಗೆ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಅಲ್ಲಿನ ಮೆಕ್ಯಾನಿಕರು ಯಾವುದೇ ಬಿಡಿಭಾಗವನ್ನು ಬದಲಿಸುವ ಮೊದಲು ದೋಷ ಅದರಲ್ಲಿಯೇ ಇದೆ ಎಂಬುದನ್ನು ಗಿರಾಕಿಯ ಕಣ್ಣೆದುರಿಗೇ ಪರೀಕ್ಷಿಸಿ ತೋರಿಸುತ್ತಾರೆ.

ನಮ್ಮ ಬಿಎಸ್6 (ಭಾರತದ ಮಾಲಿನ್ಯ ಮಾನದಂಡ) ಕಾರಿನ ತೊಂದರೆ ವಿಚಿತ್ರವಾಗಿತ್ತು. ಬಂಕಿನಲ್ಲಿ ಟ್ಯಾಂಕು ತುಂಬಿಸಿ ಹೊರಡುವಾಗ ಮಾತ್ರ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿತ್ತು. ಸ್ಟಾರ್ಟ್ ಆದ ಮೇಲೂ ನಿಂತಲ್ಲಿ ಎಂಜಿನ್ ನಡುಗುತ್ತಿತ್ತು, ಪೆಟ್ರೋಲಿನ ವಾಸನೆ ಬರುತ್ತಿತ್ತು. ಚೆಕ್ ಎಂಜಿನ್ ದೀಪ ಹೊತ್ತಿರಲಿಲ್ಲ. ಬೇರೊಂದು ಊರಿನ ವರ್ಕ್‌ಶಾಪಿನವರು ಬಾನೆಟ್ ತೆರೆಯದೆಯೇ ಫ್ಯೂಯಲ್ ಪಂಪ್ ಬದಲಿಸಲು ಹೇಳಿದ್ದರು. ಕುಮಟಾದ ಮೆಕ್ಯಾನಿಕರು ಮೊದಲು ಕೇಳಿದ್ದು, “ಟ್ಯಾಂಕು ಅರ್ಧ ಇದ್ದಾಗಲೂ ಹೀಗೇ ಆಗ್ತದೋ, ತುಂಬಿಸಿದ ಮೇಲೆ ಮಾತ್ರವೋ?” ಎಂದು. ಪಂಪ್ ಸೋತಿದ್ದರೆ ಅದು ಟ್ಯಾಂಕು ತುಂಬುವುದನ್ನು ಕಾಯುವುದಿಲ್ಲ ಎಂಬ ಅವರ ತರ್ಕ ನನಗೆ ಕೂಡಲೇ ಒಪ್ಪಿಗೆಯಾಯಿತು.

ಪೆಟ್ರೋಲು ಟ್ಯಾಂಕಿನೊಳಗೆ ಸದಾ ಆವಿಯಾಗುತ್ತಿರುತ್ತದೆ, ಕರಾವಳಿಯ ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು. ಆ ಆವಿ ಹೊರಗಿನ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಕ್ಯಾನಿಸ್ಟರ್ ಅದನ್ನು ಹೀರಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಕಾರಿನ ಕಂಪ್ಯೂಟರ್ ಕ್ಯಾನಿಸ್ಟರ್ ಮತ್ತು ಎಂಜಿನ್ ನಡುವಿನ ಪರ್ಜ್ ವಾಲ್ವನ್ನು ಬೇಕಾದಷ್ಟೇ ತೆರೆದು, ಸಂಗ್ರಹವಾದ ಆವಿಯನ್ನು ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆಸಿ ಉರಿಸುತ್ತದೆ. ವಿದ್ಯುತ್ ಹರಿಯದಿರುವಾಗ ಈ ವಾಲ್ವ್ ಮುಚ್ಚಿರಬೇಕು. ಅದು ತೆರೆದೇ ಉಳಿದರೆ, ಟ್ಯಾಂಕು ತುಂಬಿಸುವಾಗ ಹೊರದಬ್ಬಲ್ಪಟ್ಟ ದಟ್ಟ ಆವಿ ನೇರವಾಗಿ ಎಂಜಿನ್ನಿಗೆ ನುಗ್ಗಿ ಮಿಶ್ರಣ ಹದಗೆಡುತ್ತದೆ. ಡೀಸೆಲ್ ಸುಲಭವಾಗಿ ಆವಿಯಾಗುವುದಿಲ್ಲವಾದ್ದರಿಂದ ಡೀಸೆಲ್ ಕಾರುಗಳಿಗೆ ಈ ವ್ಯವಸ್ಥೆಯೇ ಇರುವುದಿಲ್ಲ.

ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಚ್ಚಿದಾಗ ದೋಷ ಸೂಚಿಸುವ ಒಂದು ಕೋಡ್ ಕೂಡ ಬರಲಿಲ್ಲ. ಇಲ್ಲಿಯೇ ಅನೇಕ ಗ್ಯಾರೇಜುಗಳು ಕೈಚೆಲ್ಲುತ್ತವೆ. ಅಮೆರಿಕದ ನಿಯಮದಂತೆ ತಯಾರಾದ ಕಾರುಗಳು ಅರ್ಧ ಮಿಲಿಮೀಟರಿನಷ್ಟು ಸಣ್ಣ ರಂಧ್ರದ ಸೋರಿಕೆಯನ್ನೂ ತಾವೇ ಪತ್ತೆಹಚ್ಚಿ ಪಿ0456ರಂಥ ಕೋಡ್ ತೋರಿಸುತ್ತವೆ. ಯುರೋಪಿನ ಮಾದರಿಯನ್ನು ಅನುಸರಿಸುವ ನಮ್ಮ ಕಾರುಗಳಲ್ಲಿ ಹೆಚ್ಚಿನವು ನೋಡುವುದು ಪರ್ಜ್ ವಾಲ್ವಿನ ವಿದ್ಯುತ್ ಸಂಪರ್ಕವನ್ನು ಮಾತ್ರ; ತಂತಿ ತುಂಡಾದರೆ, ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನುಗಳಿಗೆ ಕಿಲುಬು ಹಿಡಿದರೆ ಪಿ0443 ಅಥವಾ ಪಿ0444 ಬರಬಹುದು, ಆದರೆ ವಾಲ್ವ್ ಕಸ ಸಿಕ್ಕಿ ಮುಚ್ಚದೆ ನಿಂತಿದ್ದು ಗೊತ್ತಾಗದೇ ಹೋಗಬಹುದು.

ಆದ್ದರಿಂದ ಅವರು ಕೋಡ್ ಬಿಟ್ಟು ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ ನೋಡಿದರು. ನಿಂತಲ್ಲಿ ಓಡುವಾಗ ಅದು ಮೈನಸ್ಸಿಗೆ ಇಳಿದಿತ್ತು, ಅಂದರೆ ಎಲ್ಲಿಂದಲೋ ಹೆಚ್ಚುವರಿ ಇಂಧನ ಬರುತ್ತಿರುವುದರಿಂದ ಕಂಪ್ಯೂಟರ್ ಇಂಜೆಕ್ಟರಿನ ಪೆಟ್ರೋಲನ್ನು ಕಡಿಮೆ ಮಾಡುತ್ತಿತ್ತು. ಬಳಿಕ ವಾಲ್ವಿನ ಕನೆಕ್ಟರ್ ಕಳಚಿ, ಕ್ಯಾನಿಸ್ಟರ್ ಕಡೆಯ ಪೈಪನ್ನು ಬಿಡಿಸಿ, ನನ್ನ ಹೆಬ್ಬೆರಳನ್ನೇ ಅಲ್ಲಿ ಇಡಲು ಹೇಳಿದರು. ವಿದ್ಯುತ್ ಇಲ್ಲದಿದ್ದರೂ ಗಾಳಿ ಬಲವಾಗಿ ಒಳಗೆ ಎಳೆಯುತ್ತಿತ್ತು. ಆ ಬಾಯಿಯನ್ನು ಮುಚ್ಚಿದೊಡನೆ ನಡುಕ ನಿಂತಿತು, ಸ್ವಲ್ಪ ಹೊತ್ತಿನಲ್ಲಿ ಟ್ರಿಮ್ ಸೊನ್ನೆಯ ಹತ್ತಿರಕ್ಕೆ ಬಂತು. ದೋಷದ ಬಗ್ಗೆ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಕುತೂಹಲದ ಸಂಗತಿಯೆಂದರೆ, ವಾಲ್ವನ್ನು ಹೊರತೆಗೆದು ಬ್ಯಾಟರಿಯ 12 ವೋಲ್ಟ್ ಕೊಟ್ಟಾಗ ಅದು ಟಿಕ್ ಎಂದು ಸದ್ದು ಮಾಡಿತು, ಮಲ್ಟಿಮೀಟರಿನಲ್ಲಿ ನೋಡಿದಾಗ ಅದರೊಳಗಿನ ತಂತಿಯ ಸುರುಳಿ (ಕಾಯಿಲ್) ಕೂಡ ಸರಿಯಾಗಿತ್ತು. ಸದ್ದು ಬಂದರೆ ವಾಲ್ವ್ ಚೆನ್ನಾಗಿದೆ ಎಂದು ನಿರ್ಧರಿಸುವವರು ಇದನ್ನು ಗಮನಿಸಬೇಕು.

ಅವರ ಬಗ್ಗೆ ನನ್ನ ಗೌರವ ಹೆಚ್ಚಿದ್ದು ಆಮೇಲೆ. ವಾಲ್ವನ್ನು ಬಿಳಿ ಬಟ್ಟೆಯ ಮೇಲೆ ತಟ್ಟಿದಾಗ ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು ಉದುರಿದವು. ಅದು ಇದ್ದಿಲು, ಅಂದರೆ ಕ್ಯಾನಿಸ್ಟರ್ ಒಳಗೆ ಒಡೆದಿದೆ. ಹೊಸ ವಾಲ್ವನ್ನಷ್ಟೇ ಹಾಕಿದ್ದರೆ ಅದೂ ಮತ್ತೆ ಹೀಗೇ ಸಿಕ್ಕಿಕೊಳ್ಳುತ್ತಿತ್ತು. ಕ್ಯಾನಿಸ್ಟರ್ ಕೈಯಲ್ಲಿ ಹಿಡಿದರೆ ಭಾರವಾಗಿತ್ತು, ಅಲುಗಿಸಿದರೆ ಒಳಗೆ ದ್ರವ ಕುಲುಕುತ್ತಿತ್ತು. ಬಂಕಿನ ಪಿಸ್ತೂಲು ತಾನಾಗಿ ನಿಂತ ಮೇಲೂ ರೌಂಡ್ ಮೊತ್ತಕ್ಕಾಗಿ ಹನಿಹನಿಯಾಗಿ ತುಂಬಿಸುವ ಪದ್ಧತಿ ನಮ್ಮಲ್ಲಿ ಎಲ್ಲೆಡೆ ಇದೆ. ಹಾಗೆ ತುಂಬಿಸಿದ ಪೆಟ್ರೋಲು ಆವಿಯ ಬದಲು ದ್ರವವಾಗಿಯೇ ಕ್ಯಾನಿಸ್ಟರಿಗೆ ಹೋಗಿ ಅದನ್ನು ಹಾಳುಮಾಡಬಲ್ಲದು. ಎರಡನ್ನೂ ಬದಲಿಸಿ, ನಡುವಿನ ಪೈಪುಗಳಲ್ಲಿ ಉಳಿದಿದ್ದ ಹರಳುಗಳನ್ನೂ ಊದಿ ತೆಗೆದರು. ತೋಟದ ಮನೆಗಳಲ್ಲಿ ನಿಲ್ಲುವ ಕಾರುಗಳ ಪೈಪುಗಳನ್ನು ಇಲಿ ಕಡಿಯುವುದು ಸಾಮಾನ್ಯವೆಂದು ಉದ್ದಕ್ಕೂ ಕೈಯಾಡಿಸಿ ನೋಡಿದರು, ಕ್ಯಾನಿಸ್ಟರಿಗೆ ಹೊರಗಿನ ಗಾಳಿಯಾಡುವ ಪೈಪಿನ ಬಾಯನ್ನೂ ಬಿಡಲಿಲ್ಲ. 2011ರಲ್ಲಿ ಮಜ್ದಾ ಕಂಪನಿ ಇದೇ ವ್ಯವಸ್ಥೆಯ ಪೈಪಿನಲ್ಲಿ ಜೇಡ ಬಲೆ ಕಟ್ಟುತ್ತದೆಂಬ ಕಾರಣಕ್ಕೆ ಅಮೆರಿಕದಲ್ಲಿ ಮಜ್ದಾ6 ಕಾರುಗಳನ್ನು ಹಿಂದಕ್ಕೆ ಕರೆಸಿತ್ತು. ಆದ್ದರಿಂದ ಇದು ಅತಿ ಎಚ್ಚರಿಕೆ ಎನಿಸಲಿಲ್ಲ.

ಕೊರತೆಗಳೂ ಇವೆ. ಕಡಿಮೆ ಒತ್ತಡದಲ್ಲಿ ಹೊಗೆ ಹಾಯಿಸಿ ಸೋರಿಕೆ ಹುಡುಕುವ ಸ್ಮೋಕ್ ಯಂತ್ರ ಅಲ್ಲಿಲ್ಲ, ಹಾಗಾಗಿ ಟ್ಯಾಂಕಿನ ಮೇಲ್ಭಾಗದ ಸೂಕ್ಷ್ಮ ಬಿರುಕನ್ನು ಅವರಿಂದ ಹಿಡಿಯಲಾಗದು. ಅದನ್ನು ಅವರೇ ಮೊದಲು ಹೇಳಿದರು. ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಟ್ಯಾಂಕಿಗೆ ಬಿಡಲು ಅವರು ಒಪ್ಪುವುದಿಲ್ಲ, ಅಪಾಯಕಾರಿಯಾದ ಆ ಕೆಲಸಕ್ಕೆ ಒಪ್ಪದಿರುವುದೇ ಸರಿ. ಕ್ಯಾನಿಸ್ಟರ್ ಹುಬ್ಬಳ್ಳಿಯಿಂದ ಬರಬೇಕಾದ್ದರಿಂದ ಕಾಯಬೇಕಾಯಿತು. ಮಳೆಗಾಲದಲ್ಲಿ ಗಿರಾಕಿಗಳಿಗೆ ಕುಳಿತುಕೊಳ್ಳಲು ಒಣಗಿದ ಜಾಗವಿಲ್ಲ. ಬಿಲ್ಲು ಕೈಬರಹದ್ದು, ಆದರೆ ತಪಾಸಣೆಯ ಕೂಲಿ, ಬಿಡಿಭಾಗದ ಬೆಲೆ, ಜೋಡಣೆಯ ಕೂಲಿ ಬೇರೆಬೇರೆಯಾಗಿ ಬರೆದಿತ್ತು; ಹಳೆಯ ಭಾಗಗಳನ್ನು ಕೇಳದೆಯೇ ಹಿಂದಿರುಗಿಸಿದರು.

ಹೊಗೆ ತಪಾಸಣೆಯ ಪ್ರಮಾಣಪತ್ರ ಇದೆಯಲ್ಲ ಎಂದು ಈ ದೋಷವನ್ನು ಕಡೆಗಣಿಸುವವರಿದ್ದಾರೆ. ಆ ತಪಾಸಣೆ ನೋಡುವುದು ಸೈಲೆನ್ಸರಿನ ಬಾಯಿಯನ್ನು ಮಾತ್ರ. ಹೊಸ ಮಾದರಿಗೆ ಅನುಮೋದನೆ ಕೊಡುವಾಗ ಕಾರನ್ನು ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ, ಇಡೀ ಪರೀಕ್ಷೆಯಲ್ಲಿ ಹೊರಬರುವ ಆವಿ 2 ಗ್ರಾಮ್ ಮೀರಬಾರದೆಂದು ಅಳೆಯುತ್ತಾರೆ. ರಸ್ತೆಗಿಳಿದ ಮೇಲೆ ಹಾಗೆ ಅಳೆಯುವವರಿಲ್ಲ.

ಇಲ್ಲಿಗೆ ಹೋಗುವವರು ಕುಮಟಾದಲ್ಲೇ ಟ್ಯಾಂಕು ತುಂಬಿಸಿಕೊಂಡು ನೇರವಾಗಿ ಹೋಗುವುದು ಒಳ್ಳೆಯದು, ತೊಂದರೆ ಅವರ ಎದುರಿಗೇ ಕಾಣಿಸಿಕೊಂಡರೆ ತಪಾಸಣೆ ಬೇಗ ಮುಗಿಯುತ್ತದೆ.