ಬ್ಯಾಟರಿ ಮಾರೋಕೆ ಮುಂಚೆ ಮೀಟರ್ ಹಿಡಿಯೋ ಅಂಗಡಿ

ಪಿಬಿ ರೋಡಲ್ಲಿ ಕಾರ್ ಎಲೆಕ್ಟ್ರಿಕ್ ಕೆಲ್ಸ ಮಾಡೋರು ಬೇಕಾದಷ್ಟು ಜನ ಇದಾರೆ, ಆದ್ರೆ ಸೆಲ್ಫ್ ಹೊಡೀತಿಲ್ಲ ಅಂದ ತಕ್ಷಣ ಹೊಸ ಬ್ಯಾಟರಿ ತೋರ್ಸದೇ ಇರೋರು ಕಮ್ಮಿ. ನಮ್ಮದು ಇನ್ನೂ ವಾರಂಟಿಯಲ್ಲೇ ಇರೋ 35 ಎಎಚ್ (ಆಂಪಿಯರ್-ಅವರ್, ಅಂದ್ರೆ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಬ್ಯಾಟರಿ, ರಾತ್ರಿ ಸರಿಯಾಗೇ ಇರೋ ಗಾಡಿ ಬೆಳಗ್ಗೆ ಕೀ ತಿರುಗ್ಸಿದ್ರೆ ಬರೀ ಟಕ್ ಟಕ್. ಬೇರೆ ಕಡೆ ಬದಲಾಯಿಸ್ಲೇಬೇಕು ಅಂದಿದ್ರು.

ಈ ಅಂಗಡಿ ಭಾಯ್ ಮೊದ್ಲು ಇಂಜಿನ್ ಆನ್ ಮಾಡ್ಸಿ ನೋಡಿದ್ರು, 14.2 ವೋಲ್ಟ್, ಅಂದ್ರೆ ಡೈನಮೋ ಚಾರ್ಜ್ ಮಾಡ್ತಿದೆ. ಆಮೇಲೆ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ ಮಧ್ಯ ಮೀಟರ್ ಸೇರ್ಸಿ, ತೆಗೆದಿಟ್ಟ ಡೋರಿನ ಲಾಕ್ ಸ್ಕ್ರೂಡ್ರೈವರಲ್ಲಿ ಒತ್ತಿ ಡೋರ್ ಹಾಕಿದೆ ಅಂತ ಗಾಡೀನ ನಂಬ್ಸಿ, "ಅರ್ಧ ಗಂಟೆ ಏನೂ ಮುಟ್ಬೇಡಿ ಸರ್, ಒಳಗಿನ ಎಲೆಕ್ಟ್ರಾನಿಕ್ಸ್ ಎಲ್ಲಾ ಮಲಗ್ಬೇಕು" ಅಂದ್ರು. ನನ್ ಮಗ ಸುಮ್ನಿರಲಾರ್ದೆ ರಿಮೋಟ್ ಒತ್ತಿಬಿಟ್ಟ, ಮತ್ತೆ ಮೊದ್ಲಿಂದ ಕಾಯೋದು, ಭಾಯ್ ಮುಖ ನೋಡ್ಬೇಕಿತ್ತು.

ಎಲ್ಲಾ ಮಲಗಿದ್ಮೇಲೂ ಬ್ಯಾಟರಿಯಿಂದ 0.93 ಆಂಪಿಯರ್ ಕರೆಂಟ್ ಎಳೀತಿದೆ ಅಂತ ಮೀಟರ್ ತೋರಿಸ್ತು. ಸಾಮಾನ್ಯವಾಗಿ 0.05ರ ಒಳಗೆ ಇರ್ಬೇಕಂತೆ. ರಾತ್ರಿ ಹತ್ತು ಗಂಟೆ ಹಿಂಗೇ ಎಳೆದ್ರೆ ಒಂಬತ್ತು ಎಎಚ್ ಹೋಯ್ತು, ಹಗಲು ನಾವು ಓಡ್ಸೋದು ಸ್ಕೂಲು ಮಾರ್ಕೆಟ್ಟು ಅಷ್ಟೇ, ಅದು ವಾಪಸ್ ತುಂಬೋದೆಲ್ಲಿಂದ.

ಯಾವ್ದು ಎಳೀತಿದೆ ಅಂತ ಫ್ಯೂಸ್ ಬಾಕ್ಸಲ್ಲಿರೋ ಫ್ಯೂಸ್ ಒಂದೊಂದೇ ಕಿತ್ತು ನೋಡಿದ್ರು, ರೀಡಿಂಗ್ ಅಲ್ಲಾಡ್ಲಿಲ್ಲ. ಇಲ್ಲೇ ಅವ್ರ ತಲೆ ಮೆಚ್ಚಬೇಕು, ಬ್ಯಾಟರಿಯಿಂದ ಸೀದಾ ಒಳಗೆ ಹೋಗಿರೋ ದಪ್ಪ ಕೆಂಪು ವೈರ್ ಹಿಡ್ಕೊಂಡು ಅದ್ರಲ್ಲಿರೋ ಫ್ಯೂಸ್ ತೆಗೆದ್ರು, ಮೀಟರ್ ದಬಕ್ಕಂತ 0.02ಕ್ಕೆ ಇಳೀತು. ಅದು ಸೀಟ್ ಕೆಳಗಿನ, ಸ್ಟೀರಿಯೋ ಸೌಂಡ್ ಜೋರು ಮಾಡೋ ಆಂಪ್ಲಿಫೈಯರ್‌ದು (ಆಂಪ್). ಕೈ ಇಟ್ಟು ನೋಡಿದೆ, ಹಾಡು ಹಾಕದೇನೇ ಬೆಚ್ಚಗಿತ್ತು! ಸ್ಟೀರಿಯೋ ಹಾಕಿದ ಅಂಗಡಿಯವ್ರು ಆಂಪ್ ಆನ್ ಮಾಡೋ ನೀಲಿ ವೈರನ್ನ ಸದಾ ಕರೆಂಟ್ ಇರೋ ಹಳದಿ ವೈರಿಗೆ ಸುತ್ತಿ ಟೇಪ್ ಹಾಕಿ ಕೈ ತೊಳ್ಕೊಂಡಿದ್ರು. ಭಾಯ್ ಅದನ್ನ ಬಿಚ್ಚಿ ಸ್ಟೀರಿಯೋ ಹಿಂದಿನ ನೀಲಿ ವೈರಿಗೇ ಕೊಟ್ರು, ಈಗ ಕೀ ಆಫ್ ಆದ್ರೆ ಅದೂ ಆಫ್.

ಐನೂರು ತಗೊಂಡ್ರು, ಬ್ಯಾಟರಿ ರೇಟಿಗೆ ಹೋಲ್ಸಿದ್ರೆ ಏನೂ ಅಲ್ಲ. ಒಂದ್ ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಬಿಲ್ ಕೊಡಲ್ಲ, ಫೋನ್ ಎತ್ತಲ್ಲ, ನೆರಳಿಲ್ಲ. ಶುಕ್ರವಾರ ಮಧ್ಯಾಹ್ನ ಹೋಗ್ಬೇಡಿ, ಮುಚ್ಚಿರುತ್ತೆ. ಚಿಕ್ ಮಕ್ಳನ್ನ ಕರ್ಕೊಂಡು ಹೋದ್ರೆ ಕೀ ನಿಮ್ ಜೇಬಲ್ಲೇ ಇರ್ಲಿ.