ಬೈನಾಕ್ಯುಲರ್, ಕ್ಯಾಮೆರಾ, ಬರಿಗಿವಿ: ಉಲಿಯಕ್ಕಿ ಹುಡುಕೋಕೆ ಯಾವುದು ವಾಸಿ?

ಯುಗಾದಿಯ ಹಿಂದುಮುಂದಿನ ಮೂರ್ನಾಲ್ಕು ವಾರ ನಮ್ಮ ತೀರ್ಥಹಳ್ಳಿ ಕಡೆ ವಾರ್ಬ್ಲರ್ ಹುಚ್ಚಿರುವವರಿಗೆ ಸುಗ್ಗಿ. ಮಳೆಗಾಲ ಮುಗಿಯುವಾಗ ಉತ್ತರದಿಂದ ಇಳಿದು ಬಂದ ಈ ಹತ್ತು ಗ್ರಾಂ ಆಸುಪಾಸಿನ ಹಕ್ಕಿಗಳು ಆಗ ವಾಪಸ್ ಹೊರಡುತ್ತವೆ. ಇನ್ನೂ ದಕ್ಷಿಣದಲ್ಲಿ ಚಳಿಗಾಲ ಕಳೆದವೂ ನಮ್ಮ ಕಾನು, ತೋಟಗಳಲ್ಲಿ ಒಂದೆರಡು ದಿನ ಇಳಿದು ಹೋಗುವುದುಂಟು. ಪುಸ್ತಕದಲ್ಲಿ ಇವಕ್ಕೆ ಉಲಿಯಕ್ಕಿ ಅಂತ ಹೆಸರಿದೆ. ಊರಲ್ಲಿ ಕೇಳಿದರೆ ‘ಎಂಥದೋ ಸಣ್ಣ ಹಕ್ಕಿ’ ಅಂತಾರೆ, ಅಷ್ಟೇ.

ಎರಡು ಬೇಸಿಗೆ ನಾನೊಂದು ನಿಯಮ ಹಾಕಿಕೊಂಡೆ. ಒಂದು ವಾರ ಬೈನಾಕ್ಯುಲರ್ ಮಾತ್ರ, ಇನ್ನೊಂದು ವಾರ ಕ್ಯಾಮೆರಾ ಮಾತ್ರ, ಮತ್ತೊಂದು ವಾರ ಎರಡೂ ಮನೆಯಲ್ಲಿ. ಕಿವಿ ಮತ್ತು ಜೇಬಿನಲ್ಲೊಂದು ಫೋನ್.

ಬೈನಾಕ್ಯುಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನದು ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನದು. ಗೆಳೆಯನ ಹತ್ತು ಪಟ್ಟಿನದನ್ನೂ ತಂದು ನೋಡಿದೆ. ಕಾನಿನ ಕತ್ತಲಲ್ಲಿ ಎಂಟರದ್ದೇ ಮೇಲು: ಕಣ್ಣಿಗೆ ಬರುವ ಬೆಳಕು ಜಾಸ್ತಿ, ಕಾಣುವ ಜಾಗವೂ ಅಗಲ. ಒಂದು ಕಡೆ ನಿಲ್ಲದೆ ಎಲೆಯಿಂದ ಎಲೆಗೆ ಜಿಗಿಯುವ ಹಕ್ಕಿಗೆ ಅದೇ ಬೇಕು. ಕತ್ತು ನೋವು ಮಾತ್ರ ತಪ್ಪಿದ್ದಲ್ಲ. ಅದಕ್ಕೆ ಮದ್ದು ಸಿಕ್ಕಿದ್ದು ಕುಂದಾದ್ರಿ ಬೆಟ್ಟದ ರಸ್ತೆಯಲ್ಲಿ. ತಿರುವಿನಲ್ಲಿ ನಿಂತರೆ ಕೆಳಗಿನ ಮರಗಳ ನೆತ್ತಿ ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರಿನ ನೆತ್ತಿಯ ನಡುವಿನ ಮಾಸಲು ಗೆರೆ ಕೆಳಗಿನಿಂದ ನೋಡಿದರೆ ಕಾಣುವುದೇ ಇಲ್ಲ; ಅಲ್ಲಿ ಒಂದು ಗುಂಪಿನಲ್ಲಿ ನಾಲ್ಕು ಹಕ್ಕಿಯ ಗೆರೆ ಎಣಿಸಿದೆ, ರೆಕ್ಕೆಯ ಎರಡೆರಡು ಪಟ್ಟಿಗಳ ಸಮೇತ.

ಕ್ಯಾಮೆರಾ ವಾರ ಬೆನ್ನು ಹಿಡಿಯಿತು. ದೂರದ್ದನ್ನು ಹತ್ತಿರ ತೋರಿಸುವ 150–600 ಮಿ.ಮೀ. ಲೆನ್ಸೇ ಎರಡು ಕಿಲೋ ಹತ್ತಿರ. ಆಗುಂಬೆ ಕಡೆಯ ಕಾಡಿನಲ್ಲಿ ಬೆಳಿಗ್ಗೆ ಎಂಟಕ್ಕೂ ಐಎಸ್ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 6400ಕ್ಕೆ ಇಡಬೇಕು, ಆಮೇಲೆ ಫೋಟೊ ತುಂಬ ರವೆ ಚೆಲ್ಲಿದ ಹಾಗೆ. ಅದಕ್ಕಿಂತ ದೊಡ್ಡ ಮೋಸ ಬಣ್ಣದ್ದು. ಚಿಗುರೆಲೆಯ ಮೇಲೆ ಬಿದ್ದ ಬೆಳಕು ಹಸಿರಾಗಿ ಹಕ್ಕಿಯ ಹೊಟ್ಟೆಗೆ ಹೊಡೆಯುತ್ತದೆ. ಗ್ರೀನಿಶ್ ವಾರ್ಬ್ಲರ್‌ನದು ಮಾಸಲು ಬಿಳಿ ಹೊಟ್ಟೆ. ಕಾಕಸಸ್ ಬೆಟ್ಟಗಳ ಕಡೆ ಮರಿ ಮಾಡುವ ಗ್ರೀನ್ ವಾರ್ಬ್ಲರ್‌ಗೆ ಹಳದಿ ಜಾಸ್ತಿ. ನನ್ನ ಫೋಟೊಗಳಲ್ಲಿ ಎಲ್ಲವೂ ಗ್ರೀನ್! ಮೂರು ದಿನ ಖುಷಿಯಲ್ಲಿದ್ದೆ.

ಆ ಖುಷಿ ಇಳಿಸಿದ್ದು ಕಿವಿ. ಗ್ರೀನಿಶ್‌ನ ಕೂಗು ಎರಡೇ ತುಂಡು, ‘ಚಿಸ್-ವೀ’. ಗ್ರೀನ್ ಮೂರು ತುಂಡು ಮಾಡುತ್ತದೆ, ‘ಚಿ-ರಿ-ವೀ’. ದಪ್ಪ ಕೊಕ್ಕಿನ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್ ಸೋಮಾರಿ, ಕಾನಿನ ನೆರಳಲ್ಲೇ ಕೂತು ‘ಡಿರ್-ಟೀ’ ಎಂದು ಎರಡನೇ ಸ್ವರ ಎತ್ತುತ್ತದೆ. ನೋಡಿ ಗುರುತಿಸಲು ತಿಣುಕಾಡಿದ್ದ ಹಕ್ಕಿ ಒಂದೇ ಕೂಗಿಗೆ ಸಿಕ್ಕಿಬಿಟ್ಟಿತು. ಹೊರಡುವ ಮುಂಚೆ ಇವುಗಳಲ್ಲಿ ಕೆಲವು ಹಾಡಲೂ ಶುರುಮಾಡುತ್ತವೆ. ಚಳಿಗಾಲವಿಡೀ ಲಂಟಾನ ಪೊದೆಯೊಳಗಿಂದ ಬರೀ ‘ಚಕ್ ಚಕ್’ ಅನ್ನುತ್ತಿದ್ದ ಬ್ಲೈತ್ಸ್ ರೀಡ್ ವಾರ್ಬ್ಲರ್ ಏಪ್ರಿಲ್‌ನಲ್ಲಿ ಬೇರೆ ಹಕ್ಕಿಗಳ ಕೂಗನ್ನೆಲ್ಲ ಸೇರಿಸಿ ಪಿಸುಗುಟ್ಟಿದಂತೆ ಹಾಡುತ್ತದೆ.

ಇನ್ನೊಂದು ಲಾಭ ನನಗೆ ತಡವಾಗಿ ಹೊಳೆಯಿತು. ಗ್ರೀನಿಶ್ ಚಳಿಗಾಲದಲ್ಲೂ ಗಡಿ ಕಾಯುವ ಹಕ್ಕಿ. ಕೊಟ್ಟಿಗೆ ಪಕ್ಕದ ಬಸರಿ ಮರದ ‘ಚಿಸ್-ವೀ’ ನವೆಂಬರಿನಿಂದ ಅದೇ ಮರದ್ದು. ಹಾಗಾಗಿ ಮಾರ್ಚ್‌ನಲ್ಲಿ ಅಲ್ಲಿ ಮೂರು ತುಂಡಿನ ಕೂಗು ಕೇಳಿದ ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿದ್ದಾಗಲೇ ಗೊತ್ತಾಯಿತು: ಇದು ದಾರಿಹೋಕ. ಕೂಗು ಕೇಳಿ ಹಕ್ಕಿ ಗುರುತಿಸುವ ಫೋನಿನ ಆ್ಯಪ್ ಅದನ್ನೂ ಗ್ರೀನಿಶ್ ಎಂದೇ ತೋರಿಸಿತು. ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ ಧ್ವನಿಯ ಚಿತ್ರ ತೆಗೆದರೆ ಮೂರು ಗೀಟು ಸ್ಪಷ್ಟ. ಆ್ಯಪ್ ಹೇಳಿದ್ದನ್ನೇ ಪಟ್ಟಿಗೆ ಬರೆಯುವವರು ಇದೊಂದನ್ನು ನೆನಪಿಡಿ.

ಅದೇ ದಿನ ತಲೆಯೆತ್ತಿ ನಿಂತಿದ್ದ ನನ್ನನ್ನು ನೋಡಿ ಚಿಕ್ಕಪ್ಪ ಬೇಲಿಯಾಚೆಯಿಂದ ಗಾಬರಿಯಾಗಿ ಕೂಗಿದ್ದರು:

“ಎಂತ ಮಾರಾಯ, ಅಡಿಕೆಯ ಎಲೆಚುಕ್ಕಿ ರೋಗ ಈ ಕಡೆಗೂ ಬಂತನಾ?”

“ಇಲ್ಲ ಚಿಕ್ಕಪ್ಪ, ಹಕ್ಕಿ.”

“ಹಕ್ಕಿಯಾ! ಎದೆ ಒಡೆಸಿದ್ಯಲ್ಲ.”

ಏಪ್ರಿಲ್ ಮೂರನೇ ವಾರ ಅವರೇ ಬಂದು, “ನಿನ್ನ ಬಸರಿ ಮರದ್ದು ಎರಡು ದಿನದಿಂದ ಕೂಗ್ಲಿಲ್ಲ ನೋಡು” ಎಂದರು. ನಾನು ಗಮನಿಸಿರಲಿಲ್ಲ.

ಹಾಗಂತ ಕಿವಿಯ ದಾರಿ ಪುಕ್ಕಟೆ ಅಲ್ಲ. ಕೇಳಬೇಕಾದರೆ ಅಲುಗದೆ ಕೂರಬೇಕು, ಅದೂ ಮಂಗನ ಕಾಯಿಲೆಯ ಕಾಲದಲ್ಲಿ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಆ ರೋಗವನ್ನು ಹರಡುವ ಉಣುಗು ತರಗೆಲೆಯಲ್ಲೇ ಇರುತ್ತದೆ. ನಾನು ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಸವರಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ರಸ್ತೆಯಂಚಿನ ಮೋರಿಕಟ್ಟೆ ಮೇಲೆ ಕೂರುತ್ತೇನೆ. ತರಗಿನ ಮೇಲೆ ಮಾತ್ರ ಕೂರುವುದಿಲ್ಲ. ಸ್ಪೀಕರಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವವರನ್ನೂ ಕಂಡಿದ್ದೇನೆ. ಸಾವಿರಾರು ಕಿಲೋಮೀಟರ್ ಹಾರಲು ಕೊಬ್ಬು ಕೂಡಿಸುತ್ತಿರುವ ಹಕ್ಕಿಯನ್ನು ಸುಳ್ಳು ಜಗಳಕ್ಕೆ ಎಳೆಯುವ ಆ ದಾರಿಯನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ.

ನನ್ನ ಲೆಕ್ಕದಲ್ಲಿ ಕಿವಿ ಮೊದಲು, ಎಂಟು ಪಟ್ಟಿನ ಬೈನಾಕ್ಯುಲರ್ ಆಮೇಲೆ. ಕ್ಯಾಮೆರಾ ಮಾರೋಣ ಎಂದುಕೊಂಡಿದ್ದೆ. ಒಂದು ಹಕ್ಕಿ ಅದನ್ನು ಉಳಿಸಿತು. ಕುಂದಾದ್ರಿಯ ಅದೇ ತಿರುವಿನಲ್ಲಿ ಕ್ಯಾಮೆರಾ ವಾರದ ಕೊನೆಯ ದಿನ ಒಂದು ವಾರ್ಬ್ಲರ್ ಸದ್ದೇ ಮಾಡದೆ ಬಂತು. ರೆಕ್ಕೆಯಲ್ಲಿ ಪಟ್ಟಿಯೇ ಇಲ್ಲ, ಕೊಕ್ಕು ಸೂಜಿಯಂತೆ ಉದ್ದ, ಬಾಲ ಮೊಟಕು. ಕಾಶ್ಮೀರದ ಕಡೆ ಗೂಡು ಕಟ್ಟುವ, ಅಪರೂಪದ ಟೈಟ್ಲರ್ಸ್ ಲೀಫ್ ವಾರ್ಬ್ಲರ್ ಇರಬಹುದು. ಐದು ಫೋಟೊಗಳಲ್ಲಿ ನಾಲ್ಕು ಎಲೆಯದ್ದು. ಐದನೆಯದರಲ್ಲಿ ಕೊಕ್ಕು ಸರಿಯಾಗಿದೆ, ರೆಕ್ಕೆಯ ಮೇಲೆ ಅರ್ಧ ನೆರಳು. ನನ್ನ ಹಕ್ಕಿಗಳ ಪಟ್ಟಿಯಲ್ಲಿ ಅದು ಈಗಲೂ ‘ಲೀಫ್ ವಾರ್ಬ್ಲರ್, ಜಾತಿ ಗೊತ್ತಿಲ್ಲ’ ಎಂದೇ ಇದೆ.