ಆಮಿಶ್ ಚೌಕಟ್ಟಿನ ‘ಉಚಿತ’ ಹೀಟರ್: ಫೋನ್ ಎತ್ತುವ ಮುನ್ನ ಇದನ್ನು ಓದಿ

ಅಮೆರಿಕದ ಚಳಿನಾಡಿನಲ್ಲಿರುವ ಕನ್ನಡಿಗರು, ಅದರಲ್ಲೂ ಊರಿನಿಂದ ಬಂದ ಹಿರಿಯರನ್ನು ಮನೆಯಲ್ಲಿ ಇಟ್ಟುಕೊಂಡವರು, ದಯವಿಟ್ಟು ಗಮನಿಸಿ. ಪತ್ರಿಕೆಯಲ್ಲಿ ಪುಟ ತುಂಬ ಬರುವ ಒಂದು ಬಗೆಯ ಜಾಹೀರಾತಿದೆ. ದಪ್ಪ ಶೀರ್ಷಿಕೆ, ಸುದ್ದಿಯಂತೆಯೇ ಜೋಡಿಸಿದ ಅಂಕಣಗಳು, ಗಡ್ಡ ಬಿಟ್ಟ ಆಮಿಶ್ ಬಡಗಿಗಳ ಚಿತ್ರ (ಆಮಿಶರು ಎಂದರೆ ಹಳೆಯ ಕಾಲದಂತೆ ಸರಳವಾಗಿ ಬದುಕುವ ಒಂದು ಕ್ರೈಸ್ತ ಪಂಗಡದವರು). ಅವರು ಕೈಯಿಂದ ಮಾಡಿದ ಮರದ ಚೌಕಟ್ಟನ್ನು, ಅಂದರೆ ಮ್ಯಾಂಟಲ್ ಅನ್ನು, ಕೊಂಡರೆ ಅದರೊಳಗಿನ ವಿದ್ಯುತ್ ಅಗ್ಗಿಷ್ಟಿಕೆ ಉಚಿತವಂತೆ. 48 ಗಂಟೆಯೊಳಗೆ ಕರೆ ಮಾಡಬೇಕು, ಒಂದು ಮನೆಗೆ ಎರಡೇ ಎಂಬ ಅವಸರ ಬೇರೆ. 2008ರ ಸುಮಾರಿಗೆ ಅಬ್ಬರಿಸಿದ ಈ ವರಸೆ ಬೇರೆ ಬೇರೆ ವೇಷದಲ್ಲಿ ಈಗಲೂ ಬರುತ್ತಿದೆ.

ಅತ್ತೆ, ಮಾವ ಓಹಾಯೊದ ನಮ್ಮ ಮನೆಯಲ್ಲಿ ಚಳಿಗಾಲ ಕಳೆಯಲು ಬಂದಾಗ ಇಂಥದ್ದೊಂದನ್ನು ತರಿಸಿದೆವು. ಸಾಗಣೆ ವೆಚ್ಚವೂ ಸೇರಿ 400 ಡಾಲರ್‌ಗೆ ಸಮೀಪವಾಯಿತು. ಪೆಟ್ಟಿಗೆ ಬಿಚ್ಚಿದಾಗ ಮುಂಭಾಗ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಹಿಂದಕ್ಕೆ ತಿರುಗಿಸಿದರೆ ಹೀಟರಿನ ಮೇಲೆ ‘ಚೀನಾದಲ್ಲಿ ತಯಾರಾದದ್ದು’ ಎಂಬ ಚೀಟಿ. ಚೀನಾದಲ್ಲಿ ಆಗಿದೆ ಎಂಬುದು ನನ್ನ ತಕರಾರಲ್ಲ. ಇಡೀ ಪುಟದ ಜಾಹೀರಾತಿನಲ್ಲಿ ಆಮಿಶ್ ಕೈಗಳನ್ನಷ್ಟೇ ತೋರಿಸಿ, ಶಾಖ ಕೊಡುವ ವಸ್ತು ಎಲ್ಲಿಯದು ಎಂಬುದನ್ನು ಕಣ್ಣಿಗೆ ಬೀಳದಂತೆ ಇಟ್ಟದ್ದು ನನಗೆ ಸಹಿಸಲಾಗದ ಸಂಗತಿ. ಕೆಲವು ವಾರಗಳಲ್ಲಿ ಬಿಸಿಗಾಳಿ ಹೊರಬರುವ ಕಿಂಡಿಯ ಪಕ್ಕ ಮರದ ಮೇಲ್ಪದರ ಉಗುರಿನಷ್ಟು ಎದ್ದುಕೊಂಡಿತು. ಕೆಳಗೆ ಇಣುಕಿದರೆ ಮರದ ನಾರಿನ ಗೆರೆಯೇ ಇಲ್ಲ. ಅಂಟು ಹಾಕಿ ಒತ್ತಿದ ಮರದ ಪುಡಿ, ಬೆರಳಾಡಿಸಿದರೆ ಉದುರುತ್ತಿತ್ತು. ಹಲಗೆಯ ಮೇಲೆ ಕಾಗದದಷ್ಟು ತೆಳುವಾದ ಓಕ್ ಪದರ ಅಂಟಿಸಿದ್ದರು.

ಉರಿಯ ವಿಷಯಕ್ಕೆ ಬಂದರೆ, ಅದು ಬರಿಯ ಬೆಳಕು. ಬಲ್ಬಿನ ಮುಂದೆ ಹೊಳೆಯುವ ತಗಡಿನ ತುಣುಕುಗಳನ್ನು ಸಿಕ್ಕಿಸಿದ ಸಣ್ಣ ಸರಳು ತಿರುಗುತ್ತದೆ, ಆ ಪ್ರತಿಫಲನ ಪರದೆಯ ಮೇಲೆ ಜ್ವಾಲೆಯಂತೆ ಆಡುತ್ತದೆ. ನೋಡಲು ಹಿತ, ಆದರೆ ಅದರಿಂದ ಬಿಸಿ ಬರುವುದಿಲ್ಲ. ಬಿಸಿ ಬರುವುದು ಒಳಗಿನ ಕಾಯಿಲ್ ಮತ್ತು ಫ್ಯಾನಿನಿಂದ. ಅದು 1500 ವ್ಯಾಟ್. ಜಾಹೀರಾತಿನಲ್ಲಿ 5,000ಕ್ಕೂ ಹೆಚ್ಚು ಬಿಟಿಯು (ಶಾಖದ ಅಳತೆ) ಎಂದು ದೊಡ್ಡದಾಗಿ ಬರೆದಿರುತ್ತಾರೆ. ಒಂದು ವ್ಯಾಟ್ ಎಂದರೆ ಗಂಟೆಗೆ 3.41 ಬಿಟಿಯು. ಆದ್ದರಿಂದ 1500 ವ್ಯಾಟಿನ ಯಾವುದೇ ಹೀಟರ್ ಕೊಡುವುದೂ ಅಷ್ಟೇ, ಅಂಗಡಿಯಲ್ಲಿ 30, 40 ಡಾಲರ್‌ಗೆ ಸಿಗುವ ಪುಟ್ಟ ಪೆಟ್ಟಿಗೆಯೂ ಸೇರಿ. ಇಡೀ ಮನೆಯನ್ನು ಬಿಸಿ ಮಾಡುವ ಗ್ಯಾಸ್ ಫರ್ನೇಸ್ ಸಾಮಾನ್ಯವಾಗಿ 60,000 ಬಿಟಿಯು ಅಥವಾ ಅದಕ್ಕಿಂತ ಹೆಚ್ಚಿನದು. ಹೀಗಿರುವಾಗ ಈ ‘ಉಚಿತ’ದ ಲೆಕ್ಕ ಮೂಗಿಗಿಂತ ಮೂಗುತಿ ಭಾರ ಎಂಬಂತೆ: ದುಡ್ಡೆಲ್ಲ ಹೋದದ್ದು ಚೌಕಟ್ಟಿಗೆ.

‘ಕಾಫಿ ಮೇಕರ್‌ನಷ್ಟೇ ವಿದ್ಯುತ್’ ಎಂಬ ಮಾತನ್ನು ಮಾವ ಪೂರ್ತಿ ನಂಬಿದ್ದರು. ಕಾಫಿ ಮೇಕರ್ ಓಡುವುದು ಕೆಲವೇ ನಿಮಿಷ. ಇದನ್ನು ದಿನಕ್ಕೆ ಎಂಟು ಗಂಟೆ ಹಚ್ಚಿಟ್ಟರೆ 12 ಯೂನಿಟ್, ತಿಂಗಳಿಗೆ 360. ಯೂನಿಟ್‌ಗೆ 16 ಸೆಂಟ್ ಹಿಡಿದರೂ ಬಿಲ್ಲಿಗೆ ಸುಮಾರು 58 ಡಾಲರ್ ಕೂಡುತ್ತದೆ. ಉಳಿತಾಯ ಆಗಬೇಕಾದರೆ ಉಳಿದ ಕೋಣೆಗಳನ್ನೆಲ್ಲ ತಣ್ಣಗೆ ಬಿಟ್ಟು ಎಲ್ಲರೂ ಒಂದೇ ಕೋಣೆಯಲ್ಲಿ ಕೂರಬೇಕು. ಮಂಡಿನೋವಿನ ಅತ್ತೆ ರಾತ್ರಿ ಎದ್ದು ಹೋಗುವ ಬಚ್ಚಲುಮನೆಯನ್ನು ತಣ್ಣಗೆ ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ಇನ್ನು ಅಪಾಯದ ಮಾತು. ಇಲ್ಲಿನ 120 ವೋಲ್ಟಿನಲ್ಲಿ ಇದು 12.5 ಆಂಪಿಯರ್ ಎಳೆಯುತ್ತದೆ. 15 ಆಂಪಿಯರಿನ ಲೈನಿನಲ್ಲಿ ಅದೇ ಹೊತ್ತಿಗೆ ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಬ್ರೇಕರ್ ಬಿದ್ದೇ ಬೀಳುತ್ತದೆ. ಚಕ್ರವಿದೆ, ಎಲ್ಲಿಗೆ ಬೇಕಾದರೂ ತಳ್ಳಬಹುದು ಎಂದು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಬೇಡಿ. ವೈರ್ ಕಾದು ಬೆಂಕಿ ಹತ್ತಿಕೊಳ್ಳಬಹುದು. ಗೋಡೆಯ ಪ್ಲಗ್ಗಿಗೇ ನೇರ ಹಾಕಿದರೂ ಆಗಾಗ ಮುಟ್ಟಿ ನೋಡಿ. ನಮ್ಮಲ್ಲಿ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು, ಅಂದೇ ಬಳಕೆ ನಿಲ್ಲಿಸಿದೆವು. ಪರದೆ, ಹಾಸಿಗೆ, ಸೀರೆಯ ಸೆರಗು ಮೂರು ಅಡಿ ದೂರವಿರಲಿ. ಭಾರತಕ್ಕೆ ಮರಳುವಾಗ ಸಾಮಾನಿನ ಜೊತೆ ಸಾಗಿಸುವ ಯೋಚನೆಯಂತೂ ಬೇಡವೇ ಬೇಡ. 230 ವೋಲ್ಟಿಗೆ ನೇರ ಹಾಕಿದರೆ ಇದು ಸುಟ್ಟುಹೋಗುತ್ತದೆ.

ಇದರಲ್ಲಿ ಆಮಿಶರನ್ನು ದೂರುವುದು ನ್ಯಾಯವಲ್ಲ. ಸಾರ್ವಜನಿಕ ವಿದ್ಯುತ್ ಜಾಲಕ್ಕೆ ತಮ್ಮ ಮನೆಗಳನ್ನು ಜೋಡಿಸದೆ ಬದುಕುವ, ಕ್ಯಾಮೆರಾದ ಮುಂದೆ ಮುಖ ತೋರಿಸಲು ಹಿಂಜರಿಯುವ ಜನ ಅವರು. ಅವರ ಕಾರ್ಖಾನೆಗಳಲ್ಲಿ ಡೀಸೆಲ್ ಎಂಜಿನ್ ಮತ್ತು ಒತ್ತಡದ ಗಾಳಿಯಿಂದ ಯಂತ್ರಗಳು ಓಡುತ್ತವೆ, ಮರಗೆಲಸ ನಿಜಕ್ಕೂ ಸೊಗಸು. ಆದರೆ ‘ಆಮಿಶ್’ ಎಂಬ ಹೆಸರು ಯಾರ ಸ್ವತ್ತೂ ಅಲ್ಲ, ಹಲಗೆಗಳನ್ನು ಯಾರೋ ಜೋಡಿಸಿದ ಮಾತ್ರಕ್ಕೆ ಮರ ಗಟ್ಟಿ ಮರವಾಗುವುದಿಲ್ಲ. ಅವರ ಕೆಲಸವೇ ಬೇಕಿದ್ದರೆ ಓಹಾಯೊದ ಹೋಮ್ಸ್ ಕೌಂಟಿಗೆ, ಬರ್ಲಿನ್ ಅಥವಾ ವಾಲ್ನಟ್ ಕ್ರೀಕ್ ಕಡೆಗೆ, ಹೋಗಿ ಬನ್ನಿ. ಭಾನುವಾರ ಬಾಗಿಲು ಹಾಕಿರುತ್ತಾರೆ. ಚೆರ್ರಿಯೋ ಓಕೋ ಕೇಳಿ, ಡ್ರಾಯರ್ ಹೊರಗೆಳೆದು ಮೂಲೆಯ ಜೋಡಣೆ ನೋಡಿ, ತಯಾರಿಸಿದವರನ್ನೇ ಮಾತನಾಡಿಸಿ ಕೊಳ್ಳಿ.

ನಾವು ವಾಪಸ್ ಕಳುಹಿಸಲು ಕರೆ ಮಾಡಿದಾಗ, ಅಷ್ಟು ಭಾರದ ಪೆಟ್ಟಿಗೆಯನ್ನು ನಮ್ಮದೇ ಖರ್ಚಿನಲ್ಲಿ ಕಳುಹಿಸಬೇಕು, ಮೊದಲು ಕೊಟ್ಟ ಸಾಗಣೆಯ ಹಣವೂ ಮರಳುವುದಿಲ್ಲ ಎಂದರು. ಫೋನಿನಲ್ಲಿ ಆರ್ಡರ್ ಕೊಡುವ ಮೊದಲೇ ಈ ಎರಡನ್ನೂ ಕೇಳಿ. ಚೌಕಟ್ಟು ಪೂರ್ತಿ ಗಟ್ಟಿ ಮರದ್ದೇ, ಅಂಟಿಸಿದ ಪದರದ್ದೇ ಎಂದೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಚೆಕ್ ಕಳುಹಿಸಬೇಡಿ, ಕ್ರೆಡಿಟ್ ಕಾರ್ಡಿನಲ್ಲೇ ಪಾವತಿಸಿ. ಹೇಳಿದ್ದೊಂದು, ಬಂದದ್ದೊಂದು ಆದರೆ, ಆ ಖರ್ಚು ಮೊದಲು ಕಾಣಿಸಿಕೊಂಡ ಬಿಲ್ ಕಳುಹಿಸಿದ 60 ದಿನಗಳೊಳಗೆ ಕಾರ್ಡ್ ಕಂಪನಿಗೆ ಲಿಖಿತವಾಗಿ ತಕರಾರು ಸಲ್ಲಿಸಿ, ಆ ಇಮೇಲನ್ನು ಜೊತೆಗಿಡಿ.